ಕೊರಿಯಾಕ್ಕೆ ಹೋದ ಜಾಡಿ

ನಮ್ಮ ಕೊರಿಯಾ ಪ್ರವಾಸದ ಆಲ್ಬಮ್ ತೆರೆದರೆ ಎದ್ದು ಕಾಣುವುದು ಅರಮನೆಯೂ ಅಲ್ಲ, ದೇವಸ್ಥಾನವೂ ಅಲ್ಲ, ಒಂದು ಜಾಡಿ. ಅರಮನೆಯ ಹೆಬ್ಬಾಗಿಲು, ಅದರ ಮುಂದೆ ನಮ್ಮತ್ತೆ, ಅತ್ತೆಯ ಕಂಕುಳಲ್ಲಿ ಜಾಡಿ. ಗುಡ್ಡದ ಮೇಲಿನ ಎತ್ತರದ ಗೋಪುರ, ಅದರ ಬುಡದಲ್ಲಿ ಕಲ್ಲುಬೆಂಚು, ಬೆಂಚಿನ ಮೇಲೆ ಅತ್ತೆ, ತೊಡೆಯ ಮೇಲೆ ಜಾಡಿ. ಲಂಡನ್ನಿನ ಗೆಳತಿಯರಿಗೆ ಫೋಟೋ ತೋರಿಸುವಾಗ ಎಲ್ಲರೂ ಕೇಳುತ್ತಿದ್ದರು, ‘ಇದೇನ್ರೀ, ನಿಮ್ಮತ್ತೆ ಅಲ್ಲಿ ಉಪ್ಪಿನಕಾಯಿ ಮಾರೋಕೆ ಹೋಗಿದ್ರಾ?’ ಅಂತ. ನಾನೂ ನಗುತ್ತಿದ್ದೆ. ಈಗ ಅದೇ ಫೋಟೋ ಬಂದರೆ ಪುಟ ತಿರುಗಿಸಲು ಮನಸ್ಸಾಗುವುದಿಲ್ಲ.

ನಾನು ಮೈಸೂರಿನವಳು. ಸೇರಿದ್ದು ಧಾರವಾಡದ ಮನೆ, ಸಂಸಾರ ಹೂಡಿದ್ದು ಲಂಡನ್ನಿನಲ್ಲಿ. ಕೊರಿಯಾಕ್ಕೂ ನಮಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಹಿತ್ತಿಲಿನ ಬೇಲಿಯಲ್ಲಿತ್ತು.

ಕ್ವೀನ್ಸ್‌ಬರಿ

ತೊಂಬತ್ತರ ದಶಕದಲ್ಲಿ ನಾವು ಕ್ವೀನ್ಸ್‌ಬರಿಯಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ನಮ್ಮವರು, ಅಂದರೆ ಡಾಕ್ಟರ್ ಶ್ರೀನಿವಾಸ, ಆಸ್ಪತ್ರೆಗೆ ಬೆಳಗ್ಗೆ ಹೋದರೆ ಯಾವಾಗ ಬರುತ್ತಾರೆಂದು ಅವರಿಗೇ ಗೊತ್ತಿರುತ್ತಿರಲಿಲ್ಲ. ನಾನು ಲೈಬ್ರರಿಯಲ್ಲಿ ಅರ್ಧ ದಿನದ ಕೆಲಸಕ್ಕೆ ಹೋಗುತ್ತಿದ್ದೆ. ಮನೆಯಲ್ಲಿ ಅತ್ತೆ ಒಬ್ಬರೇ. ಮಾವ ತೀರಿಕೊಂಡ ಮೇಲೆ ಇವರೇ ಹಟ ಮಾಡಿ ಕರೆಸಿಕೊಂಡಿದ್ದರು. ಕೊತ್ತಂಬರಿ, ಮೆಂತ್ಯ, ಬೆಂಡೆಕಾಯಿ ಎಲ್ಲ ನಾಲ್ಕು ಹೆಜ್ಜೆ ದೂರದ ಅಂಗಡಿಯಲ್ಲೇ ಸಿಗುತ್ತಿದ್ದವು. ಮಾತಾಡುವುದಕ್ಕೆ ಮಾತ್ರ ಜನ ಸಿಗುತ್ತಿರಲಿಲ್ಲ. ಅಂಗಡಿಯವರು ಗುಜರಾತಿಗಳು, ನಮ್ಮತ್ತೆಗೆ ಬರುವುದು ಅಚ್ಚ ಧಾರವಾಡ ಕನ್ನಡ.

ಪಕ್ಕದ ಮನೆಗೆ ಒಂದು ಕೊರಿಯನ್ ಕುಟುಂಬ ಬಂತು. ಗಂಡ ಯಾವುದೋ ಎಲೆಕ್ಟ್ರಾನಿಕ್ಸ್ ಕಂಪನಿಯ ಕೆಲಸದ ಮೇಲೆ ಬಂದವನು. ಹೆಂಡತಿ, ಮಿಂಜಿ ಎಂಬ ಪುಟ್ಟ ಮಗಳು, ಜೊತೆಗೆ ಅವನ ತಾಯಿ. ಮಿಂಜಿ ಆಕೆಯನ್ನು ‘ಹಲ್ಮೊನಿ’ ಎಂದು ಕರೆಯುತ್ತಿದ್ದಳು, ಅಂದರೆ ಅಜ್ಜಿ. ನಾವೂ ಹಾಗೇ ಕರೆದೆವು. ಸೊಸೆಯ ಹೆಸರು ಕೇಳಿದರೆ ‘ಮಿಂಜಿ ಅಮ್ಮ’ ಎಂದಳು. ಅತ್ತೆಗೆ ಖುಷಿಯೋ ಖುಷಿ. ‘ನೋಡು, ನಮ್ಮ ಊರಾಗಿನಂಗ! ಮಕ್ಕಳ ಹೆಸರಿಂದನ ಕರೀತಾರ.’

ಒಂದು ದಿನ ಹಲ್ಮೊನಿ ಬೇಲಿಯ ಮೇಲಿಂದ ಒಂದು ಜಾಡಿ ಚಾಚಿದರು. ಕಂದು ಬಣ್ಣದ ಮಣ್ಣಿನ ಜಾಡಿ, ಹೊಳಪು ಲೇಪ, ಮೇಲೊಂದು ಮುಚ್ಚಳ. ಥೇಟ್ ನಮ್ಮ ಉಪ್ಪಿನಕಾಯಿ ಭರಣಿಯ ಚಿಕ್ಕ ತಂಗಿ. ಒಳಗೆ ಕಿಮ್ಚಿ, ಅವರ ಕಡೆಯ ಕೋಸಿನ ಉಪ್ಪಿನಕಾಯಿ. ಅತ್ತೆ ಮೂಸಿ ನೋಡಿದರು, ಅನುಮಾನ ಬಂತು. ಅಂಗೈಯನ್ನು ಮೀನು ಈಜುವ ಹಾಗೆ ಆಡಿಸಿ, ತಲೆಯನ್ನು ಅಡ್ಡಡ್ಡ ಆಡಿಸಿದರು. ಹಲ್ಮೊನಿ ‘ಆಅ’ ಎಂದು ದೊಡ್ಡದಾಗಿ ಉದ್ಗಾರ ತೆಗೆದು ಜಾಡಿ ವಾಪಸ್ ಇಸಿದುಕೊಂಡರು. ನನಗೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸಿತು.

ಮುಂದಿನ ವಾರ ಜಾಡಿ ಮತ್ತೆ ಬಂತು. ಈ ಸಲ ಹಲ್ಮೊನಿ ಕೋಸು ಹೆಚ್ಚಿದ್ದು, ಉಪ್ಪು ಎರಚಿದ್ದು, ಖಾರ ಕಲಸಿದ್ದು ಎಲ್ಲವನ್ನೂ ಕೈಯಲ್ಲೇ ಅಭಿನಯಿಸಿ, ಕೊನೆಗೆ ಅಂಗೈಯ ಮೀನು ಮಾಡಿ, ಅದನ್ನು ಇನ್ನೊಂದು ಕೈಯಿಂದ ಬೀದಿನಾಯಿ ಅಟ್ಟಿದ ಹಾಗೆ ಅಟ್ಟಿದರು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ರೊಟ್ಟಿ ಜೊತೆ ಆ ಕಿಮ್ಚಿ ಮೂರೇ ದಿನಕ್ಕೆ ಖಾಲಿ.

ಜಾಡಿ ತೊಳೆದು ನಾನೇ ಕೊಟ್ಟು ಬರುತ್ತೇನೆ ಎಂದು ಹೊರಟೆ. ಅತ್ತೆ ಕಣ್ಣು ಕೆಂಪಗೆ ಮಾಡಿದರು. ‘ಖಾಲಿ ಜಾಡಿ ಹೆಂಗ ಕೊಡ್ತಿ? ಮಂದಿ ಮನಿ ಭಾಂಡೆ ಬರಿದು ಕೊಡಬಾರದು. ಮೈಸೂರಾಗ ಇಷ್ಟೂ ಕಲಿಸಿಲ್ಲೇನು?’ ಕೆಂಪು ಹಸಿಮೆಣಸಿನಕಾಯಿ ತರಿಸಿ, ಬೆಳ್ಳುಳ್ಳಿ, ಉಪ್ಪು, ಮೆಂತ್ಯ, ನಿಂಬೆರಸ ಸೇರಿಸಿ ರಂಜಕ ಅರೆದರು. ಧಾರವಾಡದ ಕಡೆಯ ಆ ಕೆಂಪು ಚಟ್ನಿಯನ್ನು ಜಾಡಿಗೆ ತುಂಬಿ ಕಳಿಸಿದರು.

ಸರಿಹೋಯ್ತು. ಕೊರಿಯಾದಲ್ಲೂ ಅದೇ ಪದ್ಧತಿಯಂತೆ. ಬೇರೆಯವರ ಪಾತ್ರೆ ಖಾಲಿ ಕೊಡುವುದು ಅವರಲ್ಲೂ ಮರ್ಯಾದೆಯಲ್ಲ. ಜಾಡಿ ಅವರದೇ ಆದರೂ ಒಳಗಿದ್ದದ್ದು ನಮ್ಮದಲ್ಲವೇ? ಹಾಗಾಗಿ ಹಲ್ಮೊನಿ ಮತ್ತೆ ತುಂಬಿ ಕಳಿಸಿದರು. ಅತ್ತೆಯೂ ತುಂಬಿ ಕಳಿಸಿದರು. ಎರಡು ಮನೆಯಲ್ಲೂ ಇದೇ ಪದ್ಧತಿ ಇದ್ದರೆ ಗತಿಯೇನು ಎಂದು ಇದನ್ನು ಮಾಡಿಟ್ಟವರು ಯೋಚಿಸಿರಲಿಲ್ಲ ಅಂತ ಕಾಣುತ್ತದೆ. ವರ್ಷಗಟ್ಟಲೆ ಆ ಜಾಡಿ ಬೇಲಿಯ ಆಚೆ ಈಚೆ ಓಡಾಡಿತು.

ಬೇಲಿಯ ಒಂದು ಹಲಗೆ ಗಾಳಿಗೆ ಬಿದ್ದುಹೋಗಿತ್ತು. ರಿಪೇರಿ ಮಾಡಿಸಿ ಎಂದು ಮನೆ ಮಾಲೀಕನಿಗೆ ಎರಡೂ ಮನೆಯವರು ಫೋನ್ ಮಾಡಲಿಲ್ಲ. ಆ ಸಂದಿಯ ಎರಡು ಕಡೆ ಎರಡು ಸ್ಟೂಲು. ಈಕೆ ಕನ್ನಡದಲ್ಲಿ, ಆಕೆ ಕೊರಿಯನ್ನಿನಲ್ಲಿ. ಮೊಣಕಾಲು ನೋವು, ಸೊಸೆ, ಹವಾಮಾನ, ಸತ್ತುಹೋದ ಗಂಡ, ಎಲ್ಲ ಮಾತಾಡುತ್ತಿದ್ದರು. ‘ಏನು ತಿಳಿಯುತ್ತೆ ನಿಮಗೆ?’ ಎಂದು ನಾನು ಕೇಳಿದರೆ ಅತ್ತೆ ಹೇಳುತ್ತಿದ್ದರು, ‘ಎಲ್ಲಾ ತಿಳೀತದ. ನಿನ್ನ ಮಾತಿಗಿಂತ ಛಲೋ ತಿಳೀತದ.’

ಆಮೇಲೆ ಕೊರಿಯಾದಲ್ಲಿ ಹಣಕಾಸಿನ ಬಿಕ್ಕಟ್ಟು ಬಂತು. ಕಂಪನಿ ಲಂಡನ್ ಆಫೀಸು ಮುಚ್ಚಿತು. ತರಾತುರಿಯಲ್ಲಿ ಗಂಟುಮೂಟೆ ಕಟ್ಟಿದರು. ಆಗ ಅತ್ತೆ ಮದುವೆಯೊಂದಕ್ಕೆ ಧಾರವಾಡಕ್ಕೆ ಹೋಗಿದ್ದರು. ಜಾಡಿ ನಮ್ಮ ಅಡುಗೆಮನೆಯಲ್ಲೇ ಇತ್ತು. ನಾನು ಅದರಲ್ಲಿ ಅಷ್ಟು ಬೆಲ್ಲ, ಕಡಲೆಬೀಜ ತುಂಬಿ ತೆಗೆದುಕೊಂಡು ಹೋದೆ. ಹಲ್ಮೊನಿ ಮುಟ್ಟಲಿಲ್ಲ. ಸೊಸೆಯ ಕಡೆ ತಿರುಗಿ ಏನೋ ಹೇಳಿದರು. ಮಿಂಜಿ ಅಮ್ಮ ಸಂಕೋಚದಿಂದ ಇಂಗ್ಲಿಷಿನಲ್ಲಿ ತಿಳಿಸಿದಳು: ‘ಈ ಜಾಡಿಯ ಸರದಿ ಅವರ ಗೆಳತಿಯದಂತೆ. ಅವರ ಕೈಯಿಂದಲೇ ಬರಬೇಕಂತೆ.’

ಅತ್ತೆ ಧಾರವಾಡದಿಂದ ಬಂದವರು ಕೋಟು ಬಿಚ್ಚದೆ ಹಿತ್ತಿಲಿಗೆ ಹೋದರು. ಆಚೆ ತಂತಿಯ ಮೇಲೆ ಬೇರೆ ಯಾರದೋ ಬಟ್ಟೆಗಳು ಒಣಗುತ್ತಿದ್ದವು. ಬಹಳ ಹೊತ್ತು ನಿಂತಿದ್ದು ಒಳಗೆ ಬಂದು, ಜಾಡಿ ಕೆಳಗಿಳಿಸಿ, ಹಲ್ಮೊನಿ ಹೇಳಿದ್ದು ನನ್ನಿಂದ ಇನ್ನೊಮ್ಮೆ ಹೇಳಿಸಿಕೊಂಡರು. ‘ಹೌದು. ಸರದಿ ನಂದದ,’ ಎಂದರು. ಅಷ್ಟೇ.

ಇಂಚನ್ ವಿಮಾನ ನಿಲ್ದಾಣ

ಕೊರಿಯಾದಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದು ಒಂದೆರಡು ವರ್ಷ ಆಗಿತ್ತು. ನಾವು ಆಗಲೇ ಸ್ಟ್ಯಾನ್ಮೋರಿನ ಸ್ವಂತ ಮನೆಗೆ ಬಂದಿದ್ದೆವು. ನಮ್ಮವರಿಗೆ ಸಿಯೋಲ್‌ನಲ್ಲಿ ಒಂದು ಸಮ್ಮೇಳನ. ಅದು ಮುಗಿದ ಮೇಲೆ ಒಂದು ವಾರ ಊರು ನೋಡಿಕೊಂಡು ಬರೋಣ, ಇಬ್ಬರೇ ಆರಾಮಾಗಿ, ಎಂದುಕೊಂಡಿದ್ದೆವು. ಈ ಮಾತು ಅತ್ತೆಯ ಕಿವಿಗೆ ಬಿತ್ತು. ಮರುದಿನ ನೋಡಿದರೆ ಅವರ ಚೀಲ ರೆಡಿ.

‘ಅವ್ವಾ, ನಿನ್ನ ಮೊಣಕಾಲು…’ ಎಂದು ಇವರು ಶುರು ಮಾಡಿದರು.

‘ಮೊಣಕಾಲು ನನ್ನ ಜೊತಿಗೇ ಬರ್ತದ. ನೀ ಟಿಕೀಟು ತಗಿ.’

ಮಿಂಜಿ ಅಮ್ಮ ಪ್ರತಿ ಹೊಸ ವರ್ಷಕ್ಕೆ ಗ್ರೀಟಿಂಗ್ ಕಾರ್ಡ್ ಕಳಿಸುತ್ತಿದ್ದಳು. ಫೋನ್ ಮಾಡಿದೆವು. ಅವರೀಗ ಗ್ಯೊಂಗ್‌ಜು ಎಂಬ ಹಳೆಯ ಊರಿನ ಹತ್ತಿರ ಹಳ್ಳಿಯಲ್ಲಿದ್ದರು. ಹಲ್ಮೊನಿ ಚೆನ್ನಾಗಿದ್ದಾರೆ, ಸ್ವಲ್ಪ ಕಿವಿ ಮಂದ ಎಂದಳು. ಅತ್ತೆ ಹೊಸ ರಂಜಕ ಅರೆದು ಜಾಡಿಗೆ ತುಂಬಿ, ಬಾಯಿಗೆ ಹಳೆಯ ಇಳಕಲ್ ಸೀರೆಯ ತುಂಡು ಬಿಗಿದು ಕಟ್ಟಿದರು. ಅದು ಸೂಟ್‌ಕೇಸಿಗೆ ಹೋಗಲಿಲ್ಲ. ‘ಅಲ್ಲೆ ಎತ್ತಿ ಒಗೀತಾರ ಚೀಲಾ. ಒಡದರ?’ ಎಂದು ಹನ್ನೊಂದು ಗಂಟೆಯ ಹಾರಾಟವಿಡೀ ತೊಡೆಯ ಮೇಲೇ ಇಟ್ಟುಕೊಂಡರು.

ಇಂಚನ್‌ನಲ್ಲಿ ಕಸ್ಟಮ್ಸಿನ ಹುಡುಗ ಜಾಡಿಯ ಕಡೆ ಬೆರಳು ತೋರಿಸಿದ. ಅತ್ತೆ ಗಂಟು ಬಿಚ್ಚಿದರು. ಅವನು ಬಗ್ಗಿ ಮೂಸಿದ್ದೇ ಮುಖ ಅರಳಿತು. ‘ಗೋಚುಜಾಂಗ್!’ ಎಂದು ಕೂಗಿ ಪಕ್ಕದವರನ್ನೂ ಕರೆದ. ಅವರ ದೇಶದಲ್ಲಿ ಮನೆಮನೆಯಲ್ಲೂ ಇರುವ ಕೆಂಪು ಮೆಣಸಿನ ಗೊಜ್ಜು ಅದು. ಅದನ್ನೇ ಯಾರೋ ಅಜ್ಜಿ ಲಂಡನ್ನಿನಿಂದ ಹೊತ್ತು ತಂದಿದ್ದಾಳೆ! ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

‘ಏನಂತಾನ ಅಂವ?’ ಎಂದರು ಅತ್ತೆ.

‘ಇಲ್ಲೇ ಬೇಕಾದಷ್ಟು ಸಿಗ್ತದಂತ.’ ಇವರು ನಾಚಿಕೆಯಿಂದ ಬೆವರುತ್ತಿದ್ದರು.

‘ಇದು ಸಿಗೂದಿಲ್ಲಂತ ಹೇಳು. ಇದು ಬ್ಯಾಡಗಿ ಬೀಜ ಹಾಕಿ ಬೆಳದದ್ದು, ನನ್ನ ಕೈಯಾಗ ಅರದದ್ದು.’

ಇವರು ಏನು ಹೇಳಿದರೋ, ಹುಡುಗ ನಗು ನಿಲ್ಲಿಸಿ, ಜಾಡಿಯನ್ನು ಎರಡೂ ಕೈಯಲ್ಲಿ ಎತ್ತಿ, ತಲೆ ಬಾಗಿಸಿ ಅತ್ತೆಗೆ ಕೊಟ್ಟ. ದೊಡ್ಡವರಿಗೆ ಒಂದೇ ಕೈಯಲ್ಲಿ ಏನನ್ನೂ ಕೊಡುವ ಜನವಲ್ಲ ಅವರು. ಅತ್ತೆ ಅಲ್ಲೇ ಕೊರಿಯಾಕ್ಕೆ ಪೂರ್ತಿ ಅಂಕ ಕೊಟ್ಟುಬಿಟ್ಟರು.

ಸಿಯೋಲ್, ಅರಮನೆ

ಸಿಯೋಲ್ ದೊಡ್ಡ ಊರು, ಗಡಿಬಿಡಿಯ ಊರು. ಆದರೆ ಲಂಡನ್ನಿನಂತೆ ಒಬ್ಬರನ್ನೊಬ್ಬರು ನೋಡದೆ ಹೋಗುವ ಊರಲ್ಲ. ಅಲ್ಲಿಯ ಟ್ಯೂಬ್ ರೈಲಿನಲ್ಲಿ ನಮ್ಮೆದುರು ಕೂತವರು ಪೇಪರ್ ಹಿಂದೆ ಅಡಗುತ್ತಾರೆ. ಇಲ್ಲಿ ಎದುರಿಗೆ ಕೂತ ಅಜ್ಜಿಯರು ಅತ್ತೆಯ ಸೀರೆಯ ಸೆರಗು ಮುಟ್ಟಿ ನೋಡಿದರು, ನನ್ನ ಕುಂಕುಮದ ಕಡೆ ಬೆರಳು ಮಾಡಿದರು, ಬೆರಳೆಣಿಸಿ ಅತ್ತೆಯ ವಯಸ್ಸು ಕೇಳಿದರು. ಅತ್ತೆಯೂ ಅವರ ವಯಸ್ಸು ಕೇಳಿದರು. ಇಂಗ್ಲೆಂಡಿನಲ್ಲಿ ಯಾರಾದರೂ ಹೀಗೆ ಕೇಳಿದ್ದರೆ ಮಾನನಷ್ಟದ ಮೊಕದ್ದಮೆ ಆಗುತ್ತಿತ್ತೋ ಏನೋ.

ಊಟದ್ದೇ ಫಜೀತಿ. ‘ಮಾಂಸ ಬೇಡ’ ಎಂದರೆ ಮೀನು ಬರುತ್ತದೆ, ‘ಮೀನು ಬೇಡ’ ಎಂದರೆ ಸಿಗಡಿ ಪುಡಿ ಉದುರಿಸಿದ ಪಲ್ಯ ಬರುತ್ತದೆ. ಅತ್ತೆ ಅನ್ನಕ್ಕೆ ತಮ್ಮ ಶೇಂಗಾ ಚಟ್ನಿಪುಡಿ ಕಲಸಿಕೊಂಡರು. ಕಿಮ್ಚಿಯ ತಟ್ಟೆ ಎದುರಿಗೇ ಇದ್ದರೂ ಮುಟ್ಟಲಿಲ್ಲ. ‘ಆಕಿ ಮಾಡಿದ್ದಾದ್ರ ತಿಂತೀನಿ.’ ಆದರೆ ಅನ್ನ ಬಂದದ್ದು ಮುಚ್ಚಳವಿರುವ ಸ್ಟೀಲ್ ಬಟ್ಟಲಿನಲ್ಲಿ! ನೀರಿನ ಲೋಟ ಸ್ಟೀಲು, ಚಮಚ ಸ್ಟೀಲು, ಊಟದ ಕಡ್ಡಿಗಳೂ ಸ್ಟೀಲು. ಅತ್ತೆ ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಲಂಡನ್ನಿನ ಪಿಂಗಾಣಿಯ ನಡುವೆ ಇಷ್ಟು ವರ್ಷ ಬದುಕಿದ ಜೀವಕ್ಕೆ ತವರುಮನೆಯ ಅಡುಗೆಮನೆ ಸಿಕ್ಕ ಹಾಗಾಯಿತು. ‘ಮಂದಿ ನಮ್ಮಂಥಾವ್ರ ಇದ್ದಾರ ತಗೋ,’ ಎಂದರು.

ಅರಮನೆ ನೋಡಿದ್ದು ದಸರೆಯ ದಿನ. ಬಣ್ಣದ ನಿಲುವಂಗಿ ತೊಟ್ಟ ಕಾವಲುಗಾರರು ಡೋಲು ಬಾರಿಸಿಕೊಂಡು ಪಹರೆ ಬದಲಿಸುತ್ತಿದ್ದರು. ಬಕಿಂಗ್‌ಹ್ಯಾಮ್ ಅರಮನೆಯ ಕರಡಿ ಟೋಪಿಯವರಿಗಿಂತ ಇವರು ನೋಡಲು ಚೆಂದ, ಗಡ್ಡ ಮಾತ್ರ ಅಂಟಿಸಿದ್ದು ಎಂದು ಗೊತ್ತಾಗುತ್ತದೆ. ಸುತ್ತ ಎಲ್ಲಿ ನೋಡಿದರೂ ಗಿಂಕೊ ಮರಗಳು, ಬೀಸಣಿಗೆಯಂಥ ಎಲೆಗಳು ಹಳದಿಗೆ ತಿರುಗಿ ನೆಲಕ್ಕೆ ಉದುರಿದ್ದವು. ನಾನು ಫೋಟೋ ತೆಗೆಯುತ್ತಿದ್ದೆ. ಅತ್ತೆ ಹೋಟೆಲಿನಲ್ಲಿ ಬಿಡಲೊಪ್ಪದೆ ಹೊತ್ತು ತಂದಿದ್ದ ಜಾಡಿಯನ್ನು ಕೆಳಗಿಟ್ಟು, ಬಗ್ಗಿ ಎಲೆ ಆರಿಸಿಕೊಂಡು ಬಂದರು. ಮಗನ ಕೈಗೊಂದು, ನನ್ನ ಕೈಗೊಂದು ಇಟ್ಟರು. ‘ಬನ್ನಿ ತಗೊಂಡು ನಾವು ನೀವು ಬಂಗಾರಧಂಗ ಇರೂಣು.’ ಧಾರವಾಡದಲ್ಲಿ ದಸರೆಯ ಸಂಜೆ ಮನೆಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು ಹೇಳುವ ಮಾತು. ಲಂಡನ್ನಿಗೆ ಬಂದ ಮೇಲೆ ಅವರ ಬಾಯಲ್ಲಿ ನಾನು ಅದನ್ನು ಕೇಳಿಯೇ ಇರಲಿಲ್ಲ. ಇವರು ಅಲ್ಲೇ, ಅಷ್ಟು ಪ್ರವಾಸಿಗರ ನಡುವೆ, ಸೂಟು ಹಾಕಿಕೊಂಡೇ ಅವ್ವನ ಕಾಲಿಗೆ ಬಗ್ಗಿದರು. ಅತ್ತೆ ಇನ್ನೊಂದು ಎಲೆಯನ್ನು ಪರ್ಸಿನಲ್ಲಿ ಇಟ್ಟುಕೊಂಡರು. ಯಾರಿಗೆ ಎಂದು ನಾವು ಕೇಳಲಿಲ್ಲ.

ಸಿಯೋಲ್, ಸಬ್‌ವೇ

ಮರುದಿನ ಗುಡ್ಡದ ಮೇಲಿನ ಗೋಪುರ ಹತ್ತಿ ಊರನ್ನೆಲ್ಲ ನೋಡಿ ಸಬ್‌ವೇಯಲ್ಲಿ ವಾಪಸ್ ಬರುತ್ತಿದ್ದೆವು. ಜನವೋ ಜನ. ಅತ್ತೆಗೆ ಯಾರೋ ಜಾಗ ಬಿಟ್ಟುಕೊಟ್ಟರು. ‘ಕೊಡವ್ವಾ, ಮ್ಯಾಲೆ ಇಡ್ತೀನಿ, ತೊಡಿ ನೋಯ್ತಾವ,’ ಎಂದು ಇವರು ಜಾಡಿಯ ಚೀಲವನ್ನು ತಲೆಯ ಮೇಲಿನ ಹಲಗೆಗೆ ಇಟ್ಟರು. ಅತ್ತೆ ಒಲ್ಲದ ಮನಸ್ಸಿನಿಂದಲೇ ಕೊಟ್ಟರು.

ನಮ್ಮ ನಿಲ್ದಾಣ ಬಂತು. ನೂಕುನುಗ್ಗಲಿನಲ್ಲಿ ಅತ್ತೆಯನ್ನು ಇಳಿಸುವುದೇ ಸಾಹಸ. ನಾನೊಂದು ರಟ್ಟೆ, ಇವರೊಂದು ರಟ್ಟೆ. ಬಾಗಿಲು ಮುಚ್ಚಿತು. ರೈಲು ಹೊರಟಿತು. ಅತ್ತೆ ಮಗನ ಖಾಲಿ ಕೈಗಳನ್ನು ನೋಡಿದರು.

ಅಯ್ಯೋ ದೇವರೇ! ಇವರ ಮುಖದ ರಕ್ತವೆಲ್ಲ ಇಳಿದುಹೋಯಿತು. ಆಪರೇಷನ್ ಥಿಯೇಟರಿನಲ್ಲೂ ಅಲುಗಾಡದ ಮನುಷ್ಯ ಪ್ಲಾಟ್‌ಫಾರ್ಮಿನ ಉದ್ದಕ್ಕೂ ರೈಲಿನ ಹಿಂದೆ ಓಡಿದರು. ಅತ್ತೆ ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಲ್ಲೇ ಬೆಂಚಿನ ಮೇಲೆ ಕೂತು, ‘ಆಕಿಗೆ ಏನಂತ ಮಾರಿ ತೋರಿಸಲಿ, ಸುಧಾ?’ ಎಂದು ನನ್ನನ್ನು ಕೇಳಿದರು.

ಸ್ಟೇಷನ್ ಆಫೀಸಿಗೆ ಹೋದೆವು. ಅಲ್ಲಿದ್ದವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಇವರು ಕಾಗದದ ಮೇಲೆ ಜಾಡಿಯ ಚಿತ್ರ ಬರೆದರು. ಡಾಕ್ಟರರ ಚಿತ್ರ ಮೂತ್ರಪಿಂಡದ ಹಾಗೆ ಬಂತು. ನಾನು ಕಿತ್ತುಕೊಂಡು ಸರಿಯಾಗಿ ಬರೆದೆ. ಅವರು ಎಲ್ಲೆಲ್ಲಿಗೋ ಫೋನ್ ಮಾಡಿ, ನಾಳೆ ಬನ್ನಿ ಎಂದರು. ಹೋಟೆಲಿನಲ್ಲಿ ಅತ್ತೆ ಊಟ ಬೇಡವೆಂದು ಗೋಡೆ ಕಡೆ ಮುಖ ಮಾಡಿ ಮಲಗಿದರು. ಇವರು ಮಂಚದ ಅಂಚಿನಲ್ಲಿ ಕೂತು, ‘ತಪ್ಪಾತವ್ವಾ,’ ಎಂದರು. ‘ನಿಂದೇನು ತಪ್ಪು? ನನ್ನ ತೊಡಿ ನೋಯ್ತಾವಂತ ಇಸಗೊಂಡಿ,’ ಎಂದರೇ ಹೊರತು ಈ ಕಡೆ ತಿರುಗಲಿಲ್ಲ.

ಮರುದಿನ ಹೋದರೆ, ಜಾಡಿ! ರೈಲಿನ ಕೊನೆಯ ನಿಲ್ದಾಣದಲ್ಲಿ ಇಳಿಸಿಕೊಂಡು, ಆಹಾರ ಕೆಡಬಾರದೆಂದು ತಮ್ಮ ಫ್ರಿಜ್ಜಿನಲ್ಲಿಟ್ಟು ಕಾಪಾಡಿದ್ದರಂತೆ. ಲಂಡನ್ನಿನಲ್ಲಿ ಹೀಗೆ ಒಂಟಿ ಚೀಲ ಸಿಕ್ಕಿದ್ದರೆ ನಿಲ್ದಾಣವನ್ನೇ ಖಾಲಿ ಮಾಡಿಸುತ್ತಿದ್ದರು. ಇವರು ಎಲ್ಲರ ಕೈ ಕುಲುಕಿದರು. ನಾನು ಕಣ್ಣೊರೆಸಿಕೊಂಡೆ. ಅತ್ತೆ ಮಾತ್ರ ಜಾಡಿಯ ಬಾಯಿ ನೋಡುತ್ತಿದ್ದರು.

‘ಇದು ನನ್ನ ಗಂಟಲ್ಲ.’

ಬಟ್ಟೆ ಬಿಚ್ಚಿದರು. ರಂಜಕದ ನಡುವೆ ಚಮಚ ಇಳಿದ ಗುರುತು. ಪಾಪ, ಯಾರೋ ಆಸೆಪಟ್ಟು ರುಚಿ ನೋಡಿದ್ದರು. ಆಫೀಸಿನ ಒಬ್ಬ ನಡುವಯಸ್ಸಿನವರು ಕಿವಿಯ ತನಕ ಕೆಂಪಾಗಿ, ಹೆಬ್ಬೆರಳೆತ್ತಿ ‘ಮಾಶಿಸ್ಸಯೊ’ ಎಂದರು. ರುಚಿಯಾಗಿದೆ ಎಂಬ ಅರ್ಥವಂತೆ. ಅತ್ತೆ ಅವರಿಗೆ ನಕ್ಕು ಕೈ ಮುಗಿದರು. ಹೊರಗೆ ಬಂದ ಮೇಲೆ ಮುಖ ಸಪ್ಪಗಾಯಿತು.

‘ಎಂಜಲಾತು. ಇದನ್ನ ಆಕಿಗೆ ಹೆಂಗ ಕೊಡ್ಲಿ?’

‘ಅವ್ವಾ, ಒಂದು ಚಮಚಾ! ಆಕಿಗೆ ಹೆಂಗ ಗೊತ್ತಾಗ್ತದ?’

‘ನನಗ ಗೊತ್ತದಲ್ಲ.’

ಇವರು ತಲೆಯ ಮೇಲೆ ಕೈ ಹೊತ್ತರು. ಮರುದಿನ ಬೆಳಗ್ಗೆಯೇ ಗ್ಯೊಂಗ್‌ಜುವಿಗೆ ಹೊರಡಬೇಕು. ಜಾಡಿ ಸಿಕ್ಕಿತು, ತುಂಬುವುದಕ್ಕೆ ಏನೂ ಇಲ್ಲ.

ಗ್ಯೊಂಗ್‌ಜು

ಗ್ಯೊಂಗ್‌ಜುವಿನಲ್ಲಿ ಊರ ನಡುವೆಯೇ ಹುಲ್ಲು ಹೊದ್ದ ದೊಡ್ಡ ದೊಡ್ಡ ದಿಬ್ಬಗಳು. ಹಿಂದಿನ ಕಾಲದ ರಾಜರ ಗೋರಿಗಳಂತೆ. ಅವುಗಳ ಸುತ್ತ ಶಾಲೆಯ ಮಕ್ಕಳು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ನೋಡುವುದು ಇನ್ನೂ ಎಷ್ಟೋ ಇತ್ತು. ಬೆಟ್ಟದ ಮೇಲಿನ ಬುದ್ಧನ ಗುಡಿ ನೋಡಿದೆವು. ಹತ್ತಿರದಲ್ಲೇ ಭಿಕ್ಷುಗಳ ಅಡುಗೆಯ ಊಟ ಸಿಕ್ಕಿತು. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಮೀನಿನ ಮಾತೇ ಇಲ್ಲ. ಥೇಟ್ ಮಠದ ಊಟ. ಅತ್ತೆ ಎರಡು ಸಲ ಅನ್ನ ಹಾಕಿಸಿಕೊಂಡರು. ಆದರೂ ಅವರ ಗಮನ ಅಲ್ಲಿರಲಿಲ್ಲ.

ನಾವು ಇಳಿದುಕೊಂಡಿದ್ದು ಒಬ್ಬ ಹೆಂಗಸಿನ ಮನೆಯಲ್ಲಿ, ಪ್ರವಾಸಿಗರಿಗೆ ರೂಮು ಕೊಡುವಂಥದ್ದು. ಚಪ್ಪಲಿ ಹೊರಗೆ, ನೆಲದ ಮೇಲೇ ಹಾಸಿಗೆ, ನೆಲದಡಿಯಿಂದ ಬೆಚ್ಚಗಿನ ಶಾಖ. ಅತ್ತೆಯ ಮೊಣಕಾಲು ಅಷ್ಟು ಆರಾಮಾಗಿ ಯಾವತ್ತೂ ಇರಲಿಲ್ಲ. ಸಂಜೆ ತಾರಸಿಗೆ ಹೋದವರು ಅಲ್ಲಿಂದಲೇ ಕೂಗಿದರು, ‘ಸುಧಾ! ಬಾ ಇಲ್ಲೆ!’ ಏನಾಯಿತೋ ಎಂದು ಜೀವ ಬಾಯಿಗೆ ಬಂತು. ಓಡಿಹೋದೆ.

ತಾರಸಿಯ ತುಂಬ ಚಾಪೆಯ ಮೇಲೆ ಕೆಂಪು ಮೆಣಸಿನಕಾಯಿ ಹರವಿತ್ತು. ಪಕ್ಕದ ತಾರಸಿಯಲ್ಲೂ ಕೆಂಪು. ಮೂಲೆಯಲ್ಲಿ ಸಾಲಾಗಿ ಕಂದು ಜಾಡಿಗಳು, ನಮ್ಮ ಜಾಡಿಯ ಅಕ್ಕ, ಅಣ್ಣ, ಅಜ್ಜ ಎಲ್ಲರೂ. ಒಂದು ಬುಟ್ಟಿಯಲ್ಲಿ ಇನ್ನೂ ಒಣಗಲು ಹಾಕದ ಹಸಿ ಹಣ್ಣುಮೆಣಸಿನಕಾಯಿ. ಅತ್ತೆ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದನ್ನು ಮುರಿದು ಮೂಸುತ್ತಿದ್ದರು. ಹಿಂದೆಯೇ ಬಂದ ಮನೆಯಾಕೆಗೆ ಮೆಣಸಿನಕಾಯಿ ತೋರಿಸಿ, ತಮ್ಮ ಎದೆ ಮುಟ್ಟಿಕೊಂಡು, ಮುಷ್ಟಿಯಿಂದ ಗಾಳಿಯಲ್ಲಿ ಕುಟ್ಟಿ ತೋರಿಸಿದರು. ಆಕೆ ಒಂದು ಗಳಿಗೆ ಕಣ್ಣು ಕಿರಿದು ಮಾಡಿ ನೋಡಿ, ಗಳಗಳ ನಕ್ಕು, ಕಲ್ಲಿನ ಒರಳು ಎಳೆದು ತಂದಳು.

ಆಮೇಲಿನ ಒಂದು ತಾಸು ನಾನು ಮರೆಯಲಾರೆ. ತೊಟ್ಟು ತೆಗೆದದ್ದು ನಾನು. ಬೆಳ್ಳುಳ್ಳಿ ಸುಲಿದದ್ದು ಡಾಕ್ಟರು. ಕುಟ್ಟಿದ್ದು ಅತ್ತೆ ಒಂದು ಕೈ, ಮನೆಯಾಕೆ ಒಂದು ಕೈ. ಘಾಟಿಗೆ ನಾಲ್ವರೂ ಸೀನಿದ್ದೇ ಸೀನಿದ್ದು. ಮೆಂತ್ಯ ಇಲ್ಲವಲ್ಲ ಎಂದು ನಾನು ಕೊರಗಿದರೆ ಅತ್ತೆ ಚೀಲದಿಂದ ಮದ್ದಿನ ಪೊಟ್ಟಣ ತೆಗೆದರು. ಹೊಟ್ಟೆನೋವಿಗೆಂದು ಇಟ್ಟುಕೊಂಡಿದ್ದ ಮೆಂತ್ಯ! ಮನೆಯಾಕೆಗೆ ಮೊದಲ ಪಾಲು ತೆಗೆದಿಟ್ಟು, ಎಂಜಲಾದ ಹಳೆಯ ರಂಜಕವನ್ನು ನಮಗೆಂದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಜಾಡಿಯನ್ನು ಮೂರು ನೀರಿನಲ್ಲಿ ತೊಳೆದು, ಹೊಸದನ್ನು ಬಾಯಿತನಕ ತುಂಬಿದರು. ಇಳಕಲ್ ಬಟ್ಟೆ ಬಿಗಿದು ತಮ್ಮ ಗಂಟು ಹಾಕಿದರು.

ಹಲ್ಮೊನಿಯ ಅಂಗಳ

ಬಸ್ಸು ಹಳ್ಳಿಯ ಹೊರಗೆ ಇಳಿಸಿತು. ಮಿಂಜಿ ಅಮ್ಮ ಕಾಯುತ್ತಿದ್ದಳು. ಪಕ್ಕದಲ್ಲಿ ಎತ್ತರದ ಹುಡುಗಿ, ಕ್ವೀನ್ಸ್‌ಬರಿಯಲ್ಲಿ ಬೇಲಿಯ ಸಂದಿಯಿಂದ ನುಸುಳಿ ನಮ್ಮ ಮನೆಗೆ ಚಕ್ಕುಲಿಗೆ ಬರುತ್ತಿದ್ದ ಮಿಂಜಿ. ‘ಹಲೋ ಆಂಟಿ,’ ಎಂದಳು. ಆ ಹಲೋದಲ್ಲಿ ಲಂಡನ್ ಸ್ವಲ್ಪವೇ ಉಳಿದಿತ್ತು.

ಹಲ್ಮೊನಿ ಅಂಗಳದ ಕಟ್ಟೆಯ ಮೇಲೆ ಕೂತಿದ್ದರು. ಇನ್ನೂ ಸಣ್ಣಗಾಗಿದ್ದರು, ಬೆನ್ನು ಬಾಗಿತ್ತು. ಅತ್ತೆ ಗೇಟಿನಲ್ಲೇ ನಿಂತುಬಿಟ್ಟರು. ಹಲ್ಮೊನಿ ಏಳಲು ಹೋದರು, ಆಗಲಿಲ್ಲ, ಎರಡೂ ಕೈ ಚಾಚಿದರು. ಅತ್ತೆ ಹೋಗಿ ಜಾಡಿಯನ್ನು ಆ ಕೈಗಳಲ್ಲಿಟ್ಟರು.

ಹಲ್ಮೊನಿ ಗಂಟು ಬಿಚ್ಚಿ, ಬೆರಳ ತುದಿಯಿಂದ ರಂಜಕ ತೆಗೆದು ನಾಲಿಗೆಗೆ ಇಟ್ಟುಕೊಂಡರು. ಕಣ್ಣು ಮುಚ್ಚಿದರು. ಏನೋ ಹೇಳಿದರು. ಮಿಂಜಿ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು, ‘ಮೆಣಸಿನಕಾಯಿ ನಮ್ಮೂರಿನದು, ಕೈರುಚಿ ಮಾತ್ರ ಅವಳದೇ ಅಂತಿದಾರೆ.’ ನಾನು ಅದನ್ನು ಅತ್ತೆಗೆ ಹೇಳಿದೆ. ಕೈರುಚಿ ಎಂಬ ಮಾತು ಅವರ ಭಾಷೆಯಲ್ಲೂ ಹಾಗೇ ಇದೆಯಂತೆ.

ಅತ್ತೆ ಅಷ್ಟು ದಿನ ಅಳದವರು ಈಗ ಅತ್ತರು. ಹಲ್ಮೊನಿಯ ಕೈ ಹಿಡಿದುಕೊಂಡು ಕನ್ನಡದಲ್ಲೇ ಹೇಳಿದರು: ‘ನೀ ಹೊಂಟಾಗ ನಾ ಮನ್ಯಾಗ ಇರಲಿಲ್ಲ. ಹೋಗಿ ಬಾ ಅಂತ ಒಂದು ಮಾತು ಅನ್ನಲಿಕ್ಕೆ ಆಗಲಿಲ್ಲ. ಅದೊಂದು ಎದಿಯಾಗ ಹಂಗ ಕೂತಿತ್ತು ನೋಡವಾ.’ ಮಿಂಜಿ ‘ಏನಂದರು?’ ಎಂದು ನನ್ನನ್ನು ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ಹಲ್ಮೊನಿ ಅತ್ತೆಯ ಬೆನ್ನು ಸವರುತ್ತ ತಮ್ಮ ಭಾಷೆಯಲ್ಲಿ ಉತ್ತರ ಕೊಡಲು ಶುರು ಮಾಡಿದ್ದರು. ಅತ್ತೆ ‘ಹೂಂ, ಹೂಂ’ ಎನ್ನುತ್ತಿದ್ದರು. ನಮ್ಮ ಅನುವಾದ ಯಾರಿಗೂ ಬೇಕಿರಲಿಲ್ಲ. ಅತ್ತೆ ಪರ್ಸಿನಿಂದ ಆ ಹಳದಿ ಎಲೆ ತೆಗೆದು ಹಲ್ಮೊನಿಯ ಅಂಗೈಯಲ್ಲಿಟ್ಟರು, ‘ಬಂಗಾರಧಂಗ ಇರೂಣು’ ಎಂದು.

ಮಧ್ಯಾಹ್ನದ ಊಟಕ್ಕೆ ಮೀನಿಲ್ಲದ ಕಿಮ್ಚಿ ಬೇರೆಯಾಗಿ ಇಟ್ಟಿದ್ದರು. ಅತ್ತೆಯ ಮುಂದೆ ಇಡುವಾಗ ಹಲ್ಮೊನಿ ಅಂಗೈಯ ಮೀನು ಮಾಡಿ ಅಟ್ಟಿ ತೋರಿಸಿದರು. ಇಬ್ಬರೂ ನಕ್ಕಿದ್ದು ಹೇಗೆಂದರೆ ಮಿಂಜಿ ನೀರು ತರಲು ಓಡಬೇಕಾಯಿತು.

ಸಂಜೆಯ ಬಸ್ಸಿಗೆ ಹೊರಟೆವು. ಇನ್ನೊಮ್ಮೆ ಭೇಟಿ ಎಲ್ಲಿಯದು ಎಂದು ಇಬ್ಬರಿಗೂ ಗೊತ್ತಿತ್ತು. ಅತ್ತೆ ಈ ಸಲ ‘ಬರ್ತೀನಿ’ ಎಂದು ಸರಿಯಾಗಿ ಹೇಳಿದರು, ಎರಡು ಸಲ ಹೇಳಿದರು. ಬಸ್ಸು ಹತ್ತಿ ಕೂತೆವು. ನೋಡಿದರೆ ಮಿಂಜಿ ಓಡಿಬರುತ್ತಿದ್ದಾಳೆ, ಹಿಂದೆ ದೂರದಲ್ಲಿ ಕೋಲೂರಿಕೊಂಡು ಹಲ್ಮೊನಿ. ಮಿಂಜಿ ಕಿಟಕಿಯಿಂದ ಎರಡೂ ಕೈಯಲ್ಲಿ ಒಳಗೆ ಚಾಚಿದ್ದು ಅದೇ ಜಾಡಿ. ಬಾಯಿತನಕ ಕಿಮ್ಚಿ. ಮೇಲೆ ಅದೇ ಇಳಕಲ್ ಬಟ್ಟೆ, ಗಂಟು ಮಾತ್ರ ಕೊರಿಯಾದ್ದು.

‘ಅಲ್ಲವ್ವಾ,’ ಎಂದರು ಇವರು, ‘ಇದನ್ನ ಕೊಟ್ಟು ಬರಲಿಕ್ಕೆ ಅಲ್ಲೇನು ಇಷ್ಟೆಲ್ಲಾ ಮಾಡಿದ್ದು? ಮತ್ತ ಇಸಗೊಂಡಿ?’

‘ಮತ್ತ? ಖಾಲಿ ಜಾಡಿ ಇಟಗೋತಾಳೇನು ಆಕಿ?’ ಅತ್ತೆ ಜಾಡಿಯನ್ನು ತೊಡೆಯ ಮೇಲೆ ಸರಿಯಾಗಿ ಕೂರಿಸಿಕೊಂಡರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ನೋಡಿರಲಿಲ್ಲ. ‘ಈಗ ಮತ್ತ ನನ್ನ ಸರದಿ.’

ಸ್ಟ್ಯಾನ್ಮೋರ್

ಅತ್ತೆ ಮತ್ತೆ ಕೊರಿಯಾಕ್ಕೆ ಹೋಗಲಿಲ್ಲ. ಮೊಣಕಾಲು ಕೈಕೊಟ್ಟಿತು, ಆಮೇಲೆ ಎದೆ. ಆದರೆ ಪ್ರತಿ ಬೇಸಿಗೆಗೆ ಹೊಸ ರಂಜಕ ಅರೆದು ಜಾಡಿಗೆ ತುಂಬುತ್ತಿದ್ದರು. ಹಳೆಯದನ್ನು ನಾವು ತಿನ್ನುತ್ತಿದ್ದೆವು. ಹೊಸ ವರ್ಷಕ್ಕೆ ಫೋನ್ ಮಾಡಿದಾಗ ಮಿಂಜಿ ಅಮ್ಮ ಕೇಳುತ್ತಿದ್ದಳು, ‘ಜಾಡಿ ಹೇಗಿದೆ ಅಂತ ಹಲ್ಮೊನಿ ಕೇಳ್ತಿದಾರೆ.’ ಅತ್ತೆ ದೂರದಿಂದಲೇ ಕೂಗುತ್ತಿದ್ದರು, ‘ತುಂಬೇದ ಅಂತ ಹೇಳು!’

ಒಂದು ಚಳಿಗಾಲ ಫೋನ್ ಬೇರೆ ಸುದ್ದಿ ತಂದಿತು. ಹಲ್ಮೊನಿ ನಿದ್ದೆಯಲ್ಲೇ ಹೋದರು ಎಂದಳು ಮಿಂಜಿ ಅಮ್ಮ. ಅತ್ತೆಗೆ ಹೇಗೆ ಹೇಳುವುದೆಂದು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊನೆಗೆ ಇವರೇ ಹೋಗಿ ಹೇಳಿದರು. ಅತ್ತೆ ಸ್ನಾನ ಮಾಡಿ ಬಂದು, ದೇವರ ಮುಂದೆ ದೀಪ ಹಚ್ಚಿ, ಆ ದಿನವೆಲ್ಲ ಕಿಟಕಿಯ ಹತ್ತಿರ ಕೂತಿದ್ದರು.

ಮರುದಿನ ಬೆಳಗ್ಗೆ ನಾನು ಅಡುಗೆಮನೆಗೆ ಬಂದರೆ ಮೆಣಸಿನಕಾಯಿಯ ಘಾಟು. ಜಾಡಿ ತೊಳೆದು ಬೋರಲು ಹಾಕಿತ್ತು. ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದರು.

‘ಇನ್ನು ಯಾರಿಗೆ ಅಂತ ತುಂಬ್ತೀರಿ ಅತ್ತೆ?’ ಎಂದೆ. ಕೇಳಬಾರದಿತ್ತೇನೋ.

ಅವರು ತಲೆ ಎತ್ತಲಿಲ್ಲ. ‘ನಾನೂ ಹೊಂಟಾಕಿನ ಅಲ್ಲೇನು? ಅಲ್ಲೆ ಆಕಿ ಭೆಟ್ಟಿ ಆದ್ಲು ಅಂದ್ರ, ನನ್ನ ಜಾಡಿ ಎಲ್ಲೆ ಅಂತ ಕೇಳಿದ್ಲು ಅಂದ್ರ, ಖಾಲಿ ಇಟ್ಟು ಬಂದೇನಂತ ಹೇಳಲೇನು ಆಕಿ ಮುಂದ?’